ಎರಡನೇ ಚರಣದ ಬಿಕ್ಕಳಿಕೆ

ನಮ್ಮ ಬೀದಿಯ ಶ್ರೀಕರ ಮೇಷ್ಟ್ರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಓದುತ್ತಾ ಹೋದ ಹಾಗೆ ನಿಮಗೆ ಬೇರೆ ಬೇರೆ ಅನುಮಾನಗಳು ಬರಬಹುದು. ಮಳವಳ್ಳಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಾರೆ, ಮದ್ದೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ, ಸೀಟಿನಲ್ಲಿ ಯಾರಾದರೂ ಟವಲು ಹಾಕಿದ್ದರೆ ಆ ಟವಲಿಗೂ ಮರ್ಯಾದೆ ಕೊಟ್ಟು ನಿಂತುಕೊಂಡೇ ಬರುತ್ತಾರೆ. ಇಂಥ ಮನುಷ್ಯ ಒಂದು ಭಾನುವಾರ ಇಡೀ ಬೀದಿಯ ಫ್ಯಾನು ನಿಲ್ಲಿಸಿ, ಹಿಟ್ಟಿನ ಗಿರಣಿ ಮುಚ್ಚಿಸಿ, ಗಟ್ಟಿಮುಟ್ಟಾಗಿದ್ದ ಹೆತ್ತ ತಾಯಿಗಾಗಿ ಹತ್ತಾರು ಜನ ಕಣ್ಣೀರು ಹಾಕುವಂತೆ ಮಾಡಿದರು ಎಂದರೆ ಅದಕ್ಕೆ ಸಂಗೀತವೇ ಕಾರಣ.

ಮೇಷ್ಟ್ರ ಮನೆಯಲ್ಲಿ, ಬೀದಿ ಕಡೆಗೆ ಕಿಟಕಿ ಇರುವ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇದೆ. ಅದರಲ್ಲಿ ಅವರು ಲೆಕ್ಕ ಬರೆಯುವುದಿಲ್ಲ, ಸಿನಿಮಾ ನೋಡುವುದಿಲ್ಲ, ಕಾಲೇಜಿನ ಕೆಲಸವನ್ನಂತೂ ಮಾಡುವುದೇ ಇಲ್ಲ. ಹಾಡು ಕೇಳುವುದಕ್ಕೆಂದೇ ಒಂದೊಂದು ಭಾಗ ತರಿಸಿ ಜೋಡಿಸಿದ ಕಂಪ್ಯೂಟರ್ ಅದು. ಹಾಡು ಮೊಬೈಲಿನಲ್ಲೂ ಬರುತ್ತದಲ್ಲ ಮೇಷ್ಟ್ರೇ ಎಂದು ಎದುರು ಮನೆಯವನಾದ ನಾನು ಒಮ್ಮೆ ಕೇಳಿದ್ದೆ. ಅವರು ನನ್ನನ್ನು ಫೇಲಾದ ಹುಡುಗನನ್ನು ನೋಡುವಂತೆ ನೋಡಿದರು. ಬೈಯಲಿಲ್ಲ, ಕನಿಕರಪಟ್ಟರು.

ಅಷ್ಟಕ್ಕೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಕಂಪ್ಯೂಟರಿನೊಳಗೆ ಮೆಮೊರಿ ಎಂಬ ಎರಡು ಪಟ್ಟಿಗಳಿರುತ್ತವಂತೆ. ಹಾಡು ಸ್ಪೀಕರಿಗೆ ಹೋಗುವ ಮುಂಚೆ ಅಲ್ಲಿ ಒಂದು ಗಳಿಗೆ ಕೂತು ಹೋಗುತ್ತದಂತೆ. ಅದನ್ನು ಮಾಡಿದ ಕಂಪನಿಯವರು ಇಂತಿಷ್ಟು ವೇಗದಲ್ಲಿ ಓಡಿಸಿದರೆ ಸಾಕು ಎಂದು ಹೇಳಿದ್ದಾರೆ. ಆದರೆ ಇಂಟರ್‌ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮ, ಅದಕ್ಕಿಂತ ಜೋರಾಗಿ ಓಡಿಸಿದರೆ ತಂಬೂರಿಯ ಶ್ರುತಿ ಎದೆಯೊಳಗಿಂದಲೇ ಹೊರಟಂತೆ ಕೇಳಿಸುತ್ತದೆ ಎಂದು ಬರೆದಿದ್ದ. ಇದಕ್ಕೆ ಓವರ್‌ಕ್ಲಾಕ್ ಮಾಡುವುದು ಎನ್ನುತ್ತಾರೆ. ಮೇಷ್ಟ್ರು ಮಾಡಿದರು. ತಂಬೂರಿ ಎಲ್ಲಿಂದ ಹೊರಟಿತೋ ನನಗೆ ಗೊತ್ತಿಲ್ಲ, ಹಾಡಿಗೆ ಮಾತ್ರ ಬಿಕ್ಕಳಿಕೆ ಬಂತು.

ಹಾಡು ಒಂದು ದೇವರನಾಮ. ಹಳೆಯ ಸಿಡಿಯಿಂದ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದರು. ಪಲ್ಲವಿ ಚೆನ್ನಾಗಿ ಬರುತ್ತದೆ, ಮೊದಲನೇ ಚರಣ ಚೆನ್ನಾಗಿ ಬರುತ್ತದೆ, ಎರಡನೇ ಚರಣದ ನಟ್ಟನಡುವೆ ಗಾಯಕಿ ಒಂದೇ ಅಕ್ಷರಕ್ಕೆ ಸಿಕ್ಕಿಕೊಂಡು ಅದನ್ನೇ ಮೂರು ಸಲ ಕುಕ್ಕಿ, ಏನೂ ಆಗದವಳಂತೆ ಮುಂದಕ್ಕೆ ಹೋಗುತ್ತಾಳೆ. ಮೆಮೊರಿ ತಡಬಡಿಸುತ್ತಿದ್ದಾಗಲೇ ಇಳಿಸಿಕೊಂಡದ್ದರಿಂದ ಬಿಕ್ಕಳಿಕೆ ಹಾಡಿಗೇ ಅಂಟಿಕೊಂಡಿದೆ ಎಂದು ಮೇಷ್ಟ್ರ ವಿವರಣೆ. ವೇಗ ಕಡಿಮೆ ಮಾಡಿದರೆ ಸರಿಹೋಗುತ್ತಿತ್ತು. ಆದರೆ ಏರಿದ ಮೇಲೆ ಇಳಿಯುವುದು ಹೇಗೆ? ಅಲ್ಲಿ ಒಂದು ಗುಂಡಿ ಒತ್ತಿ, ಇಲ್ಲಿ ಒಂದು ಅಂಕಿ ಬದಲಿಸಿ, ಮತ್ತೆ ಇಳಿಸಿಕೊಂಡು, ಮತ್ತೆ ಅದೇ ಹಾಡು ಹಾಕುತ್ತಿದ್ದರು. ಬೇರೆ ಹಾಡು ಹಾಕಿದರೆ ವ್ಯತ್ಯಾಸ ತಿಳಿಯುವುದಿಲ್ಲವಂತೆ. ಸಂಕ್ರಾಂತಿಯಲ್ಲಿ ಶುರುವಾದದ್ದು, ಯುಗಾದಿ ಕಳೆದರೂ ನಮ್ಮ ಬೀದಿಗೆ ಅದೊಂದೇ ಹಾಡು.

ಮೇಷ್ಟ್ರ ಹೆಂಡತಿ ದೀಪಶ್ರೀ ಹಜಾರದಲ್ಲಿ ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳುತ್ತಾರೆ. ಇತ್ತ ಭಿನ್ನರಾಶಿ, ಅತ್ತ ಬಿಕ್ಕಳಿಕೆ. ಎಷ್ಟು ದಿನ ಅಂತ ತಡೆದಾರು? ತಮ್ಮನ ಮಗುವಿನ ನಾಮಕರಣಕ್ಕೆ ಬಸರಾಳಿಗೆ ಹೊರಟು ನಿಂತ ಶನಿವಾರ, ಬ್ಯಾಗು ಕೈಯಲ್ಲಿ ಹಿಡಿದುಕೊಂಡೇ ತೀರ್ಪು ಕೊಟ್ಟರು.

“ನಾಳೆ ಸಂಜೆ ಬರ್ತೀನಿ. ಬಂದ ತಕ್ಷಣ ಆ ಹಾಡು ಮೊದಲಿಂದ ಕೊನೇವರೆಗೂ ಒಂದ್ಸಲ ನೆಟ್ಟಗೆ ಬರಬೇಕು. ಬಂದ್ರೆ ಕೋಣೆ ನಿಮ್ಮದು, ನಾನು ಇನ್ನು ಮಾತಾಡಲ್ಲ. ಬಿಕ್ಕಿತೋ, ಸೋಮವಾರದಿಂದ ಮಕ್ಕಳು ಅಲ್ಲಿ ಕೂತ್ಕೋತಾರೆ, ನಿಮ್ಮ ಡಬ್ಬ ಅಟ್ಟಕ್ಕೆ ಹೋಗುತ್ತೆ.”

ಡಬ್ಬ ಎಂದದ್ದು ಮೇಷ್ಟ್ರಿಗೆ ನಾಟಿತು. ಆ ಸಂಜೆಯೇ ಕೂತು ಕೊನೆಯ ಸಲ ಅಂಕಿಗಳನ್ನು ತಿದ್ದಿದರು. ಇನ್ನು ಉಳಿದದ್ದು ಪರೀಕ್ಷೆ. ಇದಕ್ಕೊಂದು ಪ್ರೋಗ್ರಾಂ ಇದೆ. ಅದು ಮೆಮೊರಿಯ ಮೂಲೆ ಮೂಲೆಗೂ ಹೋಗಿ ಒಂದೊಂದು ಅಂಕಿ ಇಟ್ಟು ಬರುತ್ತದೆ, ಮತ್ತೆ ಹೋಗಿ ಇಟ್ಟದ್ದು ಇಟ್ಟ ಹಾಗೇ ಇದೆಯೇ ಎಂದು ನೋಡುತ್ತದೆ. ಬೆಳಗಿನಿಂದ ಸಂಜೆಯವರೆಗೆ ಇದೇ ಕೆಲಸ. ಒಂದೇ ಒಂದು ಅಂಕಿ ತಪ್ಪಿದರೂ ಮೆಮೊರಿ ನಂಬಿಕೆಗೆ ಯೋಗ್ಯವಲ್ಲ. ನಡುವೆ ಕರೆಂಟು ಹೋದರೆ ಮೊದಲಿನಿಂದ ಶುರು ಮಾಡಬೇಕು. ಯುಪಿಎಸ್ ಇತ್ತು, ಅದರ ಬ್ಯಾಟರಿ ಸತ್ತು ಹೋಗಿ ಈಗ ಅದು ಹೂಕುಂಡಕ್ಕೆ ಪೀಠವಾಗಿತ್ತು.

ಆದ್ದರಿಂದ ಮೇಷ್ಟ್ರು ಲೈನ್‌ಮನ್ ಪುಟ್ಟಮಾದಯ್ಯನನ್ನು ಹುಡುಕಿಕೊಂಡು ಹೋದರು. ಭಾನುವಾರ ನಮ್ಮ ಕಡೆ ಲೈನ್ ರಿಪೇರಿ ಇದೆ, ಕರೆಂಟು ತೆಗೆಯುತ್ತಾರೆ ಎಂಬ ಸುದ್ದಿ ಇತ್ತು. ಹಾಡಿನ ವಿಷಯ ಹೇಳಿದರೆ ಪುಟ್ಟಮಾದಯ್ಯ ನಗುತ್ತಾನೆ ಎಂದು ಮೇಷ್ಟ್ರಿಗೆ ನಾಚಿಕೆ. ಕಾಲೇಜು ಮೇಷ್ಟ್ರು ಎಂಬ ಗೌರವವೊಂದಿದೆಯಲ್ಲ. ಹಾಗಾಗಿ ಸುತ್ತಿ ಬಳಸಿ ಮಾತಾಡಿದರು.

“ನಾಳೆ ಮನೇಲಿ ಒಂದು ಮೆಷಿನ್ ಹಾಕಿರ್ತೀನಿ ಪುಟ್ಟಮಾದಯ್ಯ. ಸಂಜೆವರೆಗೂ ಓಡ್ಬೇಕು. ಮಧ್ಯದಲ್ಲಿ ಕರೆಂಟು ಹೋದ್ರೆ ಎಲ್ಲಾ ಮುಗೀತು.”

ಪುಟ್ಟಮಾದಯ್ಯ ಬೀಡಿ ಕೆಳಗಿಟ್ಟ. “ಅಮ್ಮೋರು ಸಂದಾಕವ್ರಾ ಮೇಷ್ಟ್ರೇ?” ಎಂದು ಮೆಲ್ಲಗೆ ಕೇಳಿದ.

ಮೇಷ್ಟ್ರ ತಾಯಿ ತಿರುಮಲಮ್ಮನವರಿಗೆ ಕರೆಂಟು ಎಂದರೆ ಭಯ. ಮಗ ದಿನವಿಡೀ ಪೆಟ್ಟಿಗೆ ಬಿಚ್ಚಿಟ್ಟು ಓಡಿಸುತ್ತಾನೆ ಎಂದು ಗೊತ್ತಾದರೆ ಊಟ ಬಿಡುತ್ತಾರೆ. ಅದಕ್ಕೆ ಮೇಷ್ಟ್ರು ಆ ಕಡೆ ಈ ಕಡೆ ನೋಡಿ, ಅಮ್ಮನ ಕಿವಿಗೆ ಮಾತ್ರ ಬೀಳದ ಹಾಗೆ ನೋಡಿಕೊಳ್ಳಿ, ಅವರು ಗಾಬರಿ ಆಗುತ್ತಾರೆ ಎಂದರು.

ಪುಟ್ಟಮಾದಯ್ಯನ ಕಣ್ಣು ತುಂಬಿ ಬಂತು. ಅವನ ತಾಯಿಯನ್ನೂ ಹೀಗೇ ಆಕ್ಸಿಜನ್ ಮೆಷಿನ್ನಿಗೆ ಹಾಕಿದ್ದರು. “ನೀವ್ ಓಗಿ ಮೇಷ್ಟ್ರೇ, ನಿಮ್ ಬೀದಿ ಲೈನ್ ಯಾರ್ ಮುಟ್ತಾರೋ ನಾನೂ ನೋಡ್ತೀನಿ” ಎಂದ. ಸಂಗೀತಕ್ಕೆ ಇಷ್ಟು ಗೌರವ ಕೊಡುವ ಲೈನ್‌ಮನ್ ಮದ್ದೂರಿನಲ್ಲಿದ್ದಾನಲ್ಲ ಎಂದು ಮೇಷ್ಟ್ರು ಹಿಗ್ಗುತ್ತಾ ಮನೆಗೆ ಬಂದರು. ಸಂಗೀತದ ವಿಷಯ ತಾವು ಹೇಳೇ ಇಲ್ಲ ಎಂಬುದು ಅವರಿಗೆ ಮರೆತೇ ಹೋಗಿತ್ತು.

ಭಾನುವಾರ ಕೋಳಿ ಕೂಗುವ ಹೊತ್ತಿಗೆ ತಿರುಮಲಮ್ಮನವರು ಭಜನಾ ಮಂಡಳಿಯ ಹೆಂಗಸರ ಜೊತೆ ಟೆಂಪೋ ಹತ್ತಿ ಮುತ್ತತ್ತಿಗೆ ಹೊರಟುಹೋದರು. ಬೀದಿ ಇನ್ನೂ ಮಲಗಿತ್ತು, ಯಾರೂ ನೋಡಲಿಲ್ಲ. ಮೇಷ್ಟ್ರು ಎದ್ದು ಕಂಪ್ಯೂಟರಿನ ಒಂದು ಪಕ್ಕದ ತಗಡು ಬಿಚ್ಚಿ, ಅದಕ್ಕೆ ಟೇಬಲ್ ಫ್ಯಾನು ತಿರುಗಿಸಿ, ಬಿಸಿಲು ಬೀಳದಂತೆ ಕಿಟಕಿಗೆ ಹಳೇ ಜಮಖಾನ ಕಟ್ಟಿ, ಪರೀಕ್ಷೆ ಶುರು ಮಾಡಿದರು. ಮೊಬೈಲನ್ನು ಆಫ್ ಮಾಡಿ ಅಕ್ಕಿ ಡಬ್ಬದಲ್ಲಿಟ್ಟರು, ಅದರ ಅಲೆಗಳು ಮೆಮೊರಿಗೆ ಒಳ್ಳೆಯದಲ್ಲವಂತೆ. ಬಾಗಿಲಿಗೆ ‘ದಯವಿಟ್ಟು ಬೆಲ್ ಒತ್ತಬೇಡಿ, ಶಬ್ದ ಮಾಡಬೇಡಿ’ ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದರು. ಒಂದು ಮಾತ್ರ ಮಾಡಲಿಲ್ಲ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಲಿಲ್ಲ. ಗಂಡಸರಿಗೆ ಅದು ಹೊಳೆಯುವ ವಿಷಯವಲ್ಲ.

ಪಕ್ಕದ ಮನೆಯ ಯಶೋದಮ್ಮ ಹಾಲು ತರಲು ಹೊರಟವರು ಅಲ್ಲೇ ನಿಂತರು. ತಿರುಮಲಮ್ಮನವರ ಬಾಗಿಲಿಗೆ ರಂಗೋಲಿ ಇಲ್ಲ. ಮಂಡಿನೋವಿದ್ದಾಗಲೂ ಮಣೆ ಹಾಕಿಕೊಂಡು ಕೂತು ಚುಕ್ಕಿ ಇಟ್ಟ ಹೆಂಗಸು ಅದು. ರಂಗೋಲಿ ಇಲ್ಲದ ಬಾಗಿಲು ಎಂದರೆ ನಮ್ಮಲ್ಲಿ ಅರ್ಥ ಒಂದೇ: ಒಳಗೆ ಏನೋ ಆಗಬಾರದ್ದು ಆಗಿದೆ, ಇಲ್ಲವೇ ಆಗುವುದರಲ್ಲಿದೆ. ಯಶೋದಮ್ಮ ಬಾಗಿಲ ಮೇಲಿದ್ದುದನ್ನು ಓದಿದರು, ಕಟ್ಟಿದ ಜಮಖಾನ ನೋಡಿದರು, ಒಳಗಿಂದ ಬರುತ್ತಿದ್ದ ಗುಂಯ್ ಶಬ್ದ ಕೇಳಿದರು. ಅಷ್ಟರಲ್ಲಿ ಸೈಕಲ್ಲಿನಲ್ಲಿ ಬಂದ ಪುಟ್ಟಮಾದಯ್ಯ, ಕಂಬವನ್ನು ಒಂದು ಸಲ ನೋಡಿ, ಗುಟ್ಟಾಗಿರಲಿ ಎಂದು ಹೇಳಿ ಎಲ್ಲವನ್ನೂ ಹೇಳಿದ. ಯಶೋದಮ್ಮನಿಗೆ ಗುಟ್ಟು ಹೇಳುವುದೆಂದರೆ ಏನು ಎಂಬುದು ಅವನಿಗೆ ತಿಳಿದಿರಬೇಕಿತ್ತು.

ಆದರೂ ಯಶೋದಮ್ಮ ಕೇಳಿದ್ದನ್ನು ಪರಾಂಬರಿಸದೆ ಹರಡುವವರಲ್ಲ. ಕಿಟಕಿಯ ಹತ್ತಿರ ಹೋಗಿ ಜಮಖಾನದ ಅಂಚು ಸರಿಸಿ ಮೇಷ್ಟ್ರನ್ನು ಕರೆದರು. ಮೇಷ್ಟ್ರು ಬನಿಯನ್ನಿನಲ್ಲಿ, ಬೆವರು ಸುರಿಸುತ್ತಾ, ಬಾಯಿಗೆ ಬೆರಳಿಟ್ಟುಕೊಂಡು ಬಂದರು.

“ಈಗ ಎಂಗೈತೆ ಮೇಷ್ಟ್ರೇ?” ಎಂದು ಯಶೋದಮ್ಮ ಪಿಸುಗುಟ್ಟಿದರು.

“ಇಲ್ಲೀವರೆಗೂ ತೊಂದ್ರೆ ಇಲ್ಲ. ಬಿಸಿ ಸ್ವಲ್ಪ ಏರ್ತಿದೆ, ಅದಕ್ಕೇ ಫ್ಯಾನ್ ಹಿಡಿಸಿದೀನಿ.”

“ಯಾರಾದ್ರೂ ಬಂದು ನೋಡುದ್ರಾ?”

“ನೋಡೋರು ಮದ್ದೂರಲ್ಲಿ ಯಾರಿದಾರೆ ಯಶೋದಮ್ಮ, ನಾನೇ ಓದ್ಕೊಂಡು ಮಾಡ್ತಿದೀನಿ. ವೋಲ್ಟೇಜು ಒಂಚೂರು ಜಾಸ್ತಿ ಕೊಟ್ಟೆ, ಆಮೇಲೆ ತಡ್ಕೊಂಡಿದೆ. ಸಂಜೆ ಹೊತ್ತಿಗೆ ಎಲ್ಲಾ ತೀರ್ಮಾನ ಆಗ್ಬಿಡುತ್ತೆ.”

ಯಶೋದಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಹಿಂದಕ್ಕೆ ಬಂದರು. ಹೆತ್ತ ತಾಯಿಗೆ, ಪುಸ್ತಕ ನೋಡಿಕೊಂಡು, ಮನೆಯಲ್ಲೇ ಕರೆಂಟು ಕೊಡುತ್ತಿದ್ದಾನೆ ಮಗ. ಅರ್ಧ ಗಂಟೆಯಲ್ಲಿ ಇದು ಬೀದಿಯ ಎರಡೂ ತುದಿ ಮುಟ್ಟಿತು. ಬೆಂಗಳೂರಿನ ದೊಡ್ಡಾಸ್ಪತ್ರೆಗಳಲ್ಲಿ ಹೀಗೆ ಕೊಡುತ್ತಾರೆ ಎಂದು ಕೆಲವರು ಸಮಾಧಾನ ಹೇಳಿದರು. ದೀಪಶ್ರೀಗೆ ಫೋನ್ ಮಾಡೋಣ ಎಂದು ನಾನು ಹೇಳಿದ್ದು ನಿಜ. ಆದರೆ ನಾಮಕರಣದ ಮನೆಯಲ್ಲಿರುವವಳಿಗೆ ಕೆಟ್ಟ ಸುದ್ದಿ ಮುಟ್ಟಿಸಬಾರದು, ತೊಟ್ಟಿಲು ಆಗುವವರೆಗೆ ಬಾಯಿ ಮುಚ್ಚಿಕೊಂಡಿರಬೇಕು ಎಂದು ಯಶೋದಮ್ಮ ನನ್ನನ್ನು ಗದರಿಸಿದರು. ಬದಲಿಗೆ ಮಂಡ್ಯದಲ್ಲಿರುವ ತಿರುಮಲಮ್ಮನವರ ತಮ್ಮ ಶ್ಯಾಮಣ್ಣನಿಗೆ ಫೋನ್ ಹೋಯಿತು.

ಈಗ ಬೀದಿಗೆ ಬೇರೆಯೇ ಚಿಂತೆ ಶುರುವಾಯಿತು. ಪುಟ್ಟಮಾದಯ್ಯ ಮೇಲಿನವರ ಕೈಕಾಲು ಹಿಡಿದು ರಿಪೇರಿಯನ್ನೇನೋ ಮುಂದಕ್ಕೆ ಹಾಕಿಸಿದ್ದ. ಆದರೆ ನಮ್ಮ ಟ್ರಾನ್ಸ್‌ಫಾರ್ಮರ್ ಮುದುಕ. ಬೇಸಿಗೆಯಲ್ಲಿ ಎಲ್ಲರೂ ಒಟ್ಟಿಗೆ ಫ್ಯಾನು, ಮಿಕ್ಸಿ, ಮೋಟರು ಹಾಕಿದರೆ ಅದರ ಪೀಜು ಹಾರಿಹೋಗುತ್ತದೆ. ಹಾರಿದರೆ ಒಳಗಿರುವ ಜೀವದ ಗತಿ? ಯಾರೂ ಸಭೆ ಸೇರಲಿಲ್ಲ, ಯಾರೂ ಆಜ್ಞೆ ಮಾಡಲಿಲ್ಲ. ಒಂದು ಮನೆಯಲ್ಲಿ ಫ್ಯಾನು ನಿಂತಿತು, ಪಕ್ಕದ ಮನೆಯಲ್ಲಿ ಫ್ರಿಜ್ಜು ನಿಂತಿತು. ಮೂಲೆಯ ಹಿಟ್ಟಿನ ಗಿರಣಿಯ ಅಂಕಯ್ಯ, ಭಾನುವಾರವೇ ಅವನ ವ್ಯಾಪಾರ, ಅರ್ಧ ಬೀಸಿದ ರಾಗಿಯನ್ನು ಹಾಗೇ ಬಿಟ್ಟು ಮೋಟರು ನಿಲ್ಲಿಸಿದ. ನಾನು ಕ್ರಿಕೆಟ್ ಮ್ಯಾಚನ್ನು ಕೊನೆಯ ಓವರಿನಲ್ಲಿ ಆಫ್ ಮಾಡಿದೆ. ಇದನ್ನು ಹೊಗಳಿಕೊಳ್ಳಲು ಹೇಳುತ್ತಿಲ್ಲ, ಆದರೆ ಕೊನೆಯ ಓವರು ಎಂಬುದನ್ನು ಓದುಗರು ಗಮನಿಸಬೇಕು.

ಫ್ಯಾನಿಲ್ಲದ ಮನೆಯಲ್ಲಿ ಚೈತ್ರದ ಮಧ್ಯಾಹ್ನ ಕೂರುವುದು ಹೇಗೆ? ಎಲ್ಲರೂ ಬೀಸಣಿಗೆ ಹಿಡಿದು ಮೇಷ್ಟ್ರ ಜಗಲಿಗೆ ಬಂದೆವು. ಗಿರಣಿಗೆ ಬಂದವರು ರಾಗಿ ಚೀಲದ ಸಮೇತ ಬಂದು ಕೂತರು. ಕಂಬಕ್ಕೆ ಕಾವಲಿದ್ದ ಪುಟ್ಟಮಾದಯ್ಯನೂ ಬಂದು ಸೇರಿದ. ಶ್ಯಾಮಣ್ಣ ಆಟೋದಲ್ಲಿ ಬಂದು ಇಳಿದರು, ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಮೂಸಂಬಿ, ಹಿಂದೆ ಡ್ರೈವರ್ ಎಳನೀರಿನ ಗೊನೆ ಹೊತ್ತುಕೊಂಡು. ತಹಸೀಲ್ದಾರ್ ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು, ಬಾಗಿಲ ಮೇಲೆ ಬರೆದಿದ್ದನ್ನು ಆದೇಶವೆಂದೇ ತಿಳಿದು ಬಾಗಿಲು ತಟ್ಟಲಿಲ್ಲ. ಜಗಲಿಯ ಮೇಲೆ ಕೂತು ಅಕ್ಕನ ಗುಣಗಾನ ಶುರು ಮಾಡಿದರು. ಮೊದಲು ಅಕ್ಕ ಒಳ್ಳೆಯವಳು ಎಂದರು. ಒಂದು ಎಳನೀರು ಮುಗಿಯುವ ಹೊತ್ತಿಗೆ ಅಕ್ಕ ಒಳ್ಳೆಯವಳಾಗಿದ್ದಳು ಎನ್ನತೊಡಗಿದರು.

ಒಳಗೆ ಮೇಷ್ಟ್ರಿಗೆ ಜಗಲಿಯ ಗುಜುಗುಜು ಕೇಳಿಸಿತು. ಜಮಖಾನ ಸರಿಸಿ ನೋಡಿದರೆ ಇಡೀ ಬೀದಿಯೇ ಬಂದು ಕೂತಿದೆ. ಸೋದರಮಾವ ಮಂಡ್ಯದಿಂದ ಬಂದಿದ್ದಾರೆ. ಅವರಿಗೆ ಹೊಳೆದದ್ದು ಒಂದೇ. ಸಂಜೆ ಹಾಡು ಕೇಳಲು ಜನ ಈಗಲೇ ಜಾಗ ಹಿಡಿದಿದ್ದಾರೆ! ಇಷ್ಟು ದಿನ ಯಾರೂ ತಮ್ಮನ್ನು ಅರ್ಥ ಮಾಡಿಕೊಳ್ಳಲಿಲ್ಲ ಎಂದುಕೊಂಡಿದ್ದ ಮನುಷ್ಯ ಜಮಖಾನವನ್ನು ಇನ್ನೂ ಅಗಲಕ್ಕೆ ಸರಿಸಿದರು. ಕೈಮುಗಿದರು, ಮುಖವರಳಿಸಿ ನಕ್ಕರು, “ಎಲ್ಲರೂ ಇರಿ, ಇನ್ನೇನು ಸ್ವಲ್ಪ ಹೊತ್ತು” ಎಂದು ಪಿಸುಗುಟ್ಟಿ ಮತ್ತೆ ಜಮಖಾನ ಎಳೆದುಕೊಂಡರು.

ಜಗಲಿ ಗರಬಡಿದಂತಾಯಿತು. ದುಃಖಕ್ಕೆ ಮೇಷ್ಟ್ರ ತಲೆಯೇ ತಿರುಗಿದೆ ಎಂದು ಯಶೋದಮ್ಮ ಹೇಳಿದಾಗ ಯಾರೂ ಎದುರಾಡಲಿಲ್ಲ. ಶ್ಯಾಮಣ್ಣ ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಒಬ್ಬರು ಅತ್ತರೆ ಉಳಿದವರು ಸುಮ್ಮನಿರುವ ಪದ್ಧತಿ ನಮ್ಮಲ್ಲಿಲ್ಲ.

ಸರಿಯಾಗಿ ಆ ಗಳಿಗೆಯಲ್ಲಿ ಬೀದಿಯ ತುದಿಯಲ್ಲಿ ಟೆಂಪೋ ನಿಂತು ತಿರುಮಲಮ್ಮನವರು ಇಳಿದರು. ಕೈಯಲ್ಲಿ ಆಂಜನೇಯನ ಪ್ರಸಾದ, ಹೆಗಲ ಮೇಲೆ ಹೊಳೆಯಲ್ಲಿ ನೆನೆದ ಸೀರೆ. ಮನೆಯ ಮುಂದೆ ಚಪ್ಪಲಿಗಳ ರಾಶಿ, ಜಗಲಿಯ ಮೇಲೆ ಅಳುವ ಜನ, ನಡುವೆ ಮಂಡ್ಯದ ತಮ್ಮ. ಆ ತಾಯಿಗೆ ಬೇರೆ ಏನು ತಾನೇ ತೋಚೀತು? ಪ್ರಸಾದ ಅಲ್ಲೇ ಬಿಟ್ಟು ಓಡಿ ಬಂದು ತಮ್ಮನ ಮುಂದೆ ಕುಸಿದು, “ಬೆಳಿಗ್ಗೆ ಚೆನ್ನಾಗಿದ್ನಲ್ಲೋ ಶ್ಯಾಮ, ನನ್ನ ಮಗನಿಗೆ ಏನಾಯ್ತೋ” ಎಂದು ಗೋಳಾಡಿದರು.

ಶ್ಯಾಮಣ್ಣ ಟವಲು ತೆಗೆದು ನೋಡಿ, ಕಣ್ಣುಮುಚ್ಚಿ, ಮತ್ತೆ ತೆಗೆದರು. ಯಶೋದಮ್ಮ ಎರಡು ಹೆಜ್ಜೆ ಹಿಂದೆ ಸರಿದು ತಿರುಮಲಮ್ಮನವರ ಪಾದ ನೆಲಕ್ಕೆ ತಾಗುತ್ತಿದೆಯೇ ಎಂದು ಬಗ್ಗಿ ನೋಡಿದರು. ತಾಗುತ್ತಿತ್ತು.

ಆಗ ಬಾಗಿಲು ತೆರೆಯಿತು. ಮೇಷ್ಟ್ರು ಎರಡೂ ಕೈ ಮೇಲೆತ್ತಿ, “ಒಂದೂ ತಪ್ಪಿಲ್ಲ, ಸೊನ್ನೆ ತಪ್ಪು, ಗೆದ್ದುಬಿಟ್ಟೆ” ಎನ್ನುತ್ತಾ ಹೊರಗೆ ಬಂದರು. ನೆಲದ ಮೇಲಿದ್ದ ತಾಯಿ, ಟವಲು ಹಿಡಿದ ಮಾವ, ರಾಗಿ ಚೀಲ, ಬ್ರೆಡ್ಡು ಎಲ್ಲವನ್ನೂ ನೋಡಿ ಕೈಯನ್ನು ನಿಧಾನವಾಗಿ ಕೆಳಗಿಳಿಸಿದರು.

ಮುಂದಿನ ಹತ್ತು ನಿಮಿಷ ಯಾರು ಯಾರಿಗೆ ಏನು ಹೇಳಿದರು ಎಂದು ಬರೆಯುವುದು ಸಾಧ್ಯವಿಲ್ಲ, ಎಲ್ಲರೂ ಒಟ್ಟಿಗೆ ಹೇಳಿದರು. ಬಸರಾಳಿನಿಂದ ಬಂದಿಳಿದ ದೀಪಶ್ರೀ ಗೇಟಿನಲ್ಲೇ ನಿಂತು ಕೇಳಿಸಿಕೊಂಡರು. ಸತ್ಯ ಒಂದೊಂದಾಗಿ ಹೊರಬಿತ್ತು. ಅಂಕಯ್ಯನಿಗೆ ತನ್ನ ರಾಗಿ ನೆನಪಾಯಿತು, ನನಗೆ ನನ್ನ ಓವರು. ಆದರೆ ಎಲ್ಲರಿಗಿಂತ ಹೆಚ್ಚು ಉರಿದದ್ದು ಪುಟ್ಟಮಾದಯ್ಯನಿಗೆ.

“ಒಂದ್ ಪದ ಕೇಳಾಕಾ ಮೇಷ್ಟ್ರೇ ಇದೆಲ್ಲಾ? ನಿಮ್ಮವ್ವಂಗೆ ಅಂತ ನಾನು ಸಾಹೇಬ್ರ ಕಾಲಿಗ್ ಬಿದ್ದಿವ್ನಿ.”

ಇಷ್ಟು ಜನ ತಮ್ಮ ತಾಯಿಗಾಗಿ ಬೆವರು ಸುರಿಸಿಕೊಂಡು ಕೂತಿದ್ದರು ಎಂದು ತಿಳಿದು ಮೇಷ್ಟ್ರಿಗೆ ನಿಜವಾಗಿಯೂ ಅಳು ಬಂತು. ಕಾಪಾಡಿದವರು ತಿರುಮಲಮ್ಮನವರು. ಎದ್ದು, ಕಣ್ಣೊರೆಸಿಕೊಂಡು, ಯಾರು ಯಾರು ಬಂದಿದ್ದಾರೆ ಎಂದು ಸುತ್ತ ನೋಡಿದರು. ಫ್ಯಾನು ಆರಿಸಿದ್ದು, ಗಿರಣಿ ನಿಲ್ಲಿಸಿದ್ದು ಎಲ್ಲಾ ನನಗಾ ಎಂದು ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡರು. ನಿಜವಾಗಿ ಹಾಸಿಗೆ ಹಿಡಿದಿದ್ದರೆ ಇದನ್ನೆಲ್ಲ ನೋಡುವ ಭಾಗ್ಯ ಎಲ್ಲಿರುತ್ತಿತ್ತು ಎಂದು ಕುರ್ಚಿ ತರಿಸಿ ಕೂತು, ತಮ್ಮ ತಂದ ಮೂಸಂಬಿಯನ್ನು ಸುಲಿದು ತಿನ್ನತೊಡಗಿದರು. ಆ ಮುಖದ ಸಂತೋಷ ನೋಡಿದ ಮೇಲೆ ಸಿಟ್ಟು ಮಾಡುವುದು ಯಾರಿಗೂ ಸಾಧ್ಯವಾಗಲಿಲ್ಲ.

“ಆಯ್ತು, ಆಕಿ ಅತ್ಲಾಗೆ” ಎಂದ ಪುಟ್ಟಮಾದಯ್ಯ. “ಇಷ್ಟೆಲ್ಲಾ ಆದ್ಮೇಲೆ ಕೇಳ್ದೆ ಓಯ್ತೀವಾ.”

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ದೀಪಶ್ರೀ ಬ್ಯಾಗು ಕೆಳಗಿಟ್ಟು, ಕೈಕಟ್ಟಿಕೊಂಡು, ಮಾತು ಮಾತೇ ಎಂಬಂತೆ ನಿಂತರು. ಮೇಷ್ಟ್ರು ಸಿಡಿ ಹಾಕಿ ಹಾಡನ್ನು ಹೊಸದಾಗಿ ಇಳಿಸಿಕೊಂಡು, ಕೈಮುಗಿದು, ಗುಂಡಿ ಒತ್ತಿದರು. ಕೋಣೆಯಲ್ಲಿ ಹಿಡಿಸಿದಷ್ಟು ಜನ, ಉಳಿದವರು ಜಗಲಿಯಲ್ಲಿ. ಪಲ್ಲವಿ ಬಂತು. ಮೊದಲನೇ ಚರಣ ಬಂತು. ಎರಡನೇ ಚರಣ ಶುರುವಾಯಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

ಇಷ್ಟರಲ್ಲಿ ಹೊರಗೆ ಏನಾಗಿತ್ತು ಎಂದರೆ, ತಿರುಮಲಮ್ಮನವರು ಕ್ಷೇಮ ಎಂದು ತಿಳಿದ ಮೇಲೆ ಬೀದಿಯ ಅರ್ಧ ಜನ ಮನೆಗಳಿಗೆ ಹೋಗಿದ್ದರು. ಹೋದವರು ಬೆಳಗಿನಿಂದ ತಡೆದುಕೊಂಡದ್ದನ್ನೆಲ್ಲ ಒಟ್ಟಿಗೆ ಹಾಕಿದರು. ಫ್ಯಾನು, ಫ್ರಿಜ್ಜು, ಮಿಕ್ಸಿ, ನೀರಿನ ಮೋಟರು. ಕೊನೆಗೆ ಅಂಕಯ್ಯ ಗಿರಣಿಯ ಸ್ವಿಚ್ಚು ಒತ್ತಿದ. ಕಂಬದ ಮೇಲೆ ಟಪ್ ಎಂದಿತು.

ಹಾಡು ನಿಂತಿತು. ಬಿಕ್ಕಳಿಕೆಯ ಜಾಗಕ್ಕೆ ಇನ್ನೂ ಒಂದು ಸಾಲು ಬಾಕಿ ಇತ್ತು.

ಮೇಷ್ಟ್ರು ಕಣ್ಣು ತೆರೆಯಲೇ ಇಲ್ಲ. ಸೋತ ಮನುಷ್ಯನ ಮುಖ ನಾನು ಬೇಕಾದಷ್ಟು ನೋಡಿದ್ದೇನೆ, ಅಂಥದ್ದನ್ನು ನೋಡಿರಲಿಲ್ಲ. ಆಗ ಕುರ್ಚಿಯಲ್ಲಿದ್ದ ತಿರುಮಲಮ್ಮನವರು, ಬಾಯಲ್ಲಿ ಮೂಸಂಬಿ ಇರುವಾಗಲೇ, ನಿಂತ ಸಾಲನ್ನು ಎತ್ತಿಕೊಂಡು ಹಾಡಿದರು. ಯಶೋದಮ್ಮ ಸೇರಿಕೊಂಡರು. ಪುಟ್ಟಮಾದಯ್ಯ ಸೇರಿಕೊಂಡ. ಸಂಕ್ರಾಂತಿಯಿಂದ ಬೆಳಿಗ್ಗೆ ಸಂಜೆ ಅದನ್ನೇ ಕೇಳಿದ ಬೀದಿ, ಯಾರಿಗೆ ತಾನೇ ಬಾಯಿಗೆ ಬರುವುದಿಲ್ಲ? ಜಗಲಿಯಲ್ಲಿದ್ದವರು ಹಾಡಿದರು, ಟ್ಯೂಷನ್ ಮಕ್ಕಳು ಹಾಡಿದರು, ಹಾಡು ಬಾರದ ನಾನೂ ಹಾಡಿದೆ. ಎರಡನೇ ಚರಣದ ನಟ್ಟನಡುವೆ ಬಂದಾಗ ಅಷ್ಟೂ ಜನ, ಯಾರೂ ಯಾರಿಗೂ ಹೇಳದೆ, ಒಂದೇ ಅಕ್ಷರಕ್ಕೆ ಸಿಕ್ಕಿಕೊಂಡು, ಅದನ್ನು ಮೂರು ಸಲ ಕುಕ್ಕಿ, ಮುಂದಕ್ಕೆ ಹೋದೆವು. ಶ್ರುತಿ ತಪ್ಪಿದವರಿದ್ದರು, ತಾಳ ತಪ್ಪಿದವರಿದ್ದರು, ಬಿಕ್ಕಳಿಕೆಯನ್ನು ಮಾತ್ರ ಒಬ್ಬರೂ ತಪ್ಪಿಸಲಿಲ್ಲ.

ಹಾಡು ಮುಗಿಯಿತು. ದೀಪಶ್ರೀ ನಕ್ಕು ನಕ್ಕು ಬಾಗಿಲಿಗೆ ಒರಗಿಕೊಂಡು ಕೆಳಗೇ ಕೂತುಬಿಟ್ಟಿದ್ದರು. ಕೊನೆಗೆ ಕಣ್ಣೊರೆಸಿಕೊಂಡು ಗಂಡನನ್ನು ನೋಡಿದರು.

“ಬಿಕ್ಕಿದ್ದು ಬೀದಿ, ನಿಮ್ಮ ಕಂಪ್ಯೂಟರ್ ಅಲ್ಲ. ಕೋಣೆ ನಿಮ್ಮದೇ. ಆದ್ರೆ ನಾಳೆಯಿಂದ ಬೇರೆ ಹಾಡು ಹಾಕಿ.”

ಜಗಲಿಯಿಂದ ಬಿದ್ದ ಚಪ್ಪಾಳೆಗೆ ಅಂಕಯ್ಯ ಗಿರಣಿ ಬಿಟ್ಟು ಓಡಿ ಬಂದ.